ಗೆಳೆಯರಿಗೆ ಕಮಾಂಡರ್ ಕಲಿಸಬೇಕು: ಯಾವ ಡೆಕ್ ಕೊಳ್ಳುವುದು?

"ನಾವು ನಾಲ್ಕು ಜನ. ಮ್ಯಾಜಿಕ್ ಕಾರ್ಡ್ ಆಟ ಆಡಿ ಗೊತ್ತಿರುವುದು ನನಗೊಬ್ಬನಿಗೆ. ಉಳಿದ ಮೂವರಿಗೆ ಕಮಾಂಡರ್ ಕಲಿಸಬೇಕು, ಯಾವ ಡೆಕ್ ತಗೊಳ್ಳಲಿ?" ಹೀಗೆ ಕೇಳುವವರು ಅಷ್ಟು ಹೊತ್ತಿಗಾಗಲೇ ಹತ್ತಾರು ಡೆಕ್‌ಗಳ ಪಟ್ಟಿ ನೋಡಿ, ವಿಡಿಯೋ ನೋಡಿ, ತಲೆ ಕೆಡಿಸಿಕೊಂಡಿರುತ್ತಾರೆ. ನೋಡಿದ್ದೆಲ್ಲ "ಅತ್ಯುತ್ತಮ ಡೆಕ್ ಯಾವುದು" ಎಂಬ ವಿಡಿಯೋಗಳೇ. ಕಲಿಸುವವರಿಗೆ ಬೇಕಾದದ್ದು ಬೇರೆ: ಒಂದೇ ಮೇಜಿನ ಮೇಲೆ ಹೊಂದಿಕೊಂಡು ಹೋಗುವ ಮೂರು ನಾಲ್ಕು ಡೆಕ್. ಒಂದು ಡೆಕ್ ಬಲವಾಗಿದ್ದು ಉಳಿದವು ಸೊರಗಿದ್ದರೆ ಮೊದಲ ಆಟವೇ ಕೊನೆಯ ಆಟವೂ ಆಗುತ್ತದೆ.

ಕಮಾಂಡರ್ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮ್ಯಾಜಿಕ್: ದಿ ಗ್ಯಾದರಿಂಗ್ 1993ರಲ್ಲಿ ಬಂದ ಕಾರ್ಡ್ ಆಟ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ್ದು, ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಪ್ರಕಟಿಸಿದ್ದು. ಅದನ್ನು ಆಡುವ ಹಲವು ಬಗೆಗಳಲ್ಲಿ ಕಮಾಂಡರ್ ಒಂದು. ಒಬ್ಬೊಬ್ಬರಿಗೂ 100 ಕಾರ್ಡುಗಳ ಡೆಕ್. ಮನಾ (ಕಾರ್ಡು ಆಡಲು ತೆರುವ ಶಕ್ತಿ) ಕೊಡುವ ಬೇಸಿಕ್ ಲ್ಯಾಂಡ್ ಬಿಟ್ಟರೆ ಯಾವ ಕಾರ್ಡೂ ಎರಡು ಸಲ ಇರುವಂತಿಲ್ಲ. 40 ಲೈಫ್‌ನಿಂದ ಶುರು, ಸಾಮಾನ್ಯವಾಗಿ ನಾಲ್ಕು ಜನ. ಡೆಕ್‌ಗೆ ಒಬ್ಬ ನಾಯಕ, ಅದೇ ಕಮಾಂಡರ್. ಅದು ಸತ್ತರೆ ಮತ್ತೆ ಕರೆಯಬಹುದು, ಆದರೆ ಪ್ರತಿ ಸಲವೂ ಎರಡು ಮನಾ ಜಾಸ್ತಿ. ಒಂದೇ ಕಮಾಂಡರ್‌ನಿಂದ ದಾಳಿಯಲ್ಲಿ 21 ಡ್ಯಾಮೇಜ್ ತಿಂದವರು ಆಟದಿಂದ ಹೊರಗೆ. ವಿಜಾರ್ಡ್ಸ್ 2011ರಿಂದ ಈ ಬಗೆಗೆಂದೇ ಸಿದ್ಧ ಡೆಕ್‌ಗಳನ್ನು ಮಾರುತ್ತಿದೆ. ಆಡುವವರ ಬಾಯಲ್ಲಿ ಅವು ಪ್ರಿಕಾನ್.

ಏನನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು ಓದುವ ಹೊರೆ. ನಾಲ್ಕು ಜನ ಆಡುವಾಗ ಆರನೇ ಸುತ್ತಿಗೆ ಮೇಜಿನ ಮೇಲೆ ಇಪ್ಪತ್ತು ಮೂವತ್ತು ಕಾರ್ಡು ಹರಡಿರುತ್ತವೆ. ಪ್ರತಿಯೊಂದರಲ್ಲೂ ಮೂರು ನಾಲ್ಕು ಸಾಲು ಇಂಗ್ಲಿಷ್. ಕನ್ನಡದಲ್ಲಿ ಕಾರ್ಡು ಸಿಗುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಈ ಕಾನೂನು ಪತ್ರದಂಥ ಭಾಷೆಗೆ ಸುಸ್ತಾಗುತ್ತಾರೆ. ಹೊಸಬರು ಆಟ ಬಿಡುವುದು ಸೋತದ್ದಕ್ಕಲ್ಲ, "ಈಗ ಏನಾಯ್ತು?" ಎಂದು ಪದೇ ಪದೇ ಕೇಳಬೇಕಾಗಿ ಬಂದದ್ದಕ್ಕೆ. ಹಾಗಾಗಿ ಒಂದು ಡೆಕ್‌ನಲ್ಲಿ ಎಷ್ಟು ಹೊಸ ನಿಯಮ ಇದೆ ಎಂಬುದು ಅದರ ಬೆಲೆಗಿಂತ ಮುಖ್ಯ.

ಎರಡನೆಯದು, ಕಮಾಂಡರ್ ಕಾರ್ಡು ಓದಿದೊಡನೆ ಡೆಕ್ ಏನು ಮಾಡುತ್ತದೆ ಅನ್ನುವುದು ತಿಳಿಯಬೇಕು. "ಡ್ರ್ಯಾಗನ್ ಇಳಿಸು, ಹೊಡಿ" ಎಂದು ಒಂದೇ ಉಸಿರಿನಲ್ಲಿ ಹೇಳಲು ಬಂದರೆ ಒಳ್ಳೆಯ ಡೆಕ್. ವಿವರಿಸಲು ನಿಮಗೇ ಎರಡು ನಿಮಿಷ ಬೇಕಾದರೆ ಬಿಟ್ಟುಬಿಡಿ.

ಬಣ್ಣಗಳನ್ನೂ, ಅಂದರೆ ಡೆಕ್‌ಗೆ ಎಷ್ಟು ಬಗೆಯ ಮನಾ ಬೇಕು ಅನ್ನುವುದನ್ನೂ, ಎಣಿಸಿ. ಎರಡು ಬಣ್ಣದ ಡೆಕ್‌ನಲ್ಲಿ ಬೇಕಾದ ಮನಾ ಸಲೀಸಾಗಿ ಸಿಗುತ್ತದೆ. ಮೂರು ಬಣ್ಣವಾದರೆ ಕೈಯಲ್ಲಿ ಕಾರ್ಡು ಇದ್ದೂ ಆಡಲಾಗದೆ ಕೂರುವ ಸುತ್ತುಗಳು ಜಾಸ್ತಿ. ಹಳಬರಿಗೆ ಅದು ದುರದೃಷ್ಟ, ಹೊಸಬರಿಗೆ ತಾವೇ ಏನೋ ತಪ್ಪು ಮಾಡಿದೆವೇನೋ ಎಂಬ ಮುಜುಗರ.

ಬೆಲೆ, ಡೆಕ್‌ಗಳ ನಡುವಿನ ಸಮತೋಲ, ಮುಂದೆ ಬೆಳೆಸಲು ಆಗುತ್ತದೆಯೇ ಅನ್ನುವುದು ಇವುಗಳ ನಂತರ.

ಸ್ಟಾರ್ಟರ್ ಕಮಾಂಡರ್ ಡೆಕ್‌ಗಳು

2022ರ ಡಿಸೆಂಬರ್‌ನಲ್ಲಿ ವಿಜಾರ್ಡ್ಸ್ ಹೊಸಬರಿಗೆಂದೇ ಐದು ಡೆಕ್ ತಂದಿತು. ಹೊಸ ಕಾರ್ಡು ಒಂದೂ ಇಲ್ಲ, ಎಲ್ಲ ಹಳೆಯವೇ ಮರುಮುದ್ರಣ. ಸಂಗ್ರಹಕಾರರು ಅದಕ್ಕೇ ಮೂಗು ಮುರಿದರು. ಕಲಿಸುವವರಿಗೆ ಅದೇ ವರ. ಪ್ರತಿ ಡೆಕ್‌ಗೂ ಎರಡೇ ಬಣ್ಣ, ಐದೂ ಒಂದೇ ಅಳತೆಯಲ್ಲಿ ಮಾಡಿದವು. ನನ್ನ ಮೊದಲ ಆಯ್ಕೆ ಇವೇ. ಆದರೆ ಐದೂ ಎಲ್ಲರಿಗೂ ಒಗ್ಗುವುದಿಲ್ಲ, ಯಾವುದು ಯಾರ ಕೈಗೆ ಎಂಬುದನ್ನು ಸ್ವಲ್ಪ ಯೋಚಿಸಬೇಕು.

ಡ್ರಕೋನಿಕ್ ಡಿಸ್ಟ್ರಕ್ಷನ್ ಕೆಂಪು ಹಸಿರಿನದು. ಕಮಾಂಡರ್ ಅಟಾರ್ಕಾ, ಏಳು ಮನಾದ ಡ್ರ್ಯಾಗನ್. ದಾಳಿಗೆ ಹೋದ ಪ್ರತಿ ಡ್ರ್ಯಾಗನ್‌ಗೂ ಡಬಲ್ ಸ್ಟ್ರೈಕ್ ಕೊಡುತ್ತದೆ, ಅಂದರೆ ಒಂದೇ ದಾಳಿಯಲ್ಲಿ ಎರಡು ಸಲ ಹೊಡೆತ. ಮೊದಲ ಕೆಲವು ಸುತ್ತು ಮನಾ ಕೂಡಿಸುವುದು, ಆಮೇಲೆ ಡ್ರ್ಯಾಗನ್ ಇಳಿಸುವುದು. ಇದಕ್ಕಿಂತ ಸುಲಭದ ಪಾಠ ಇಲ್ಲ. ಎಂದೂ ಕಾರ್ಡ್ ಆಟ ಆಡದವರಿಗೆ ಇದನ್ನೇ ಕೊಡಿ. ಒಂದು ಕೊರತೆ: ಮನಾ ಬರದಿದ್ದರೆ ಸುಮ್ನೆ ಕೂರಬೇಕಾಗುತ್ತದೆ.

ಟೋಕನ್ ಟ್ರಯಂಫ್ ಹಸಿರು ಬಿಳಿ. ಎಮ್ಮಾರಾ ಎರಡೇ ಮನಾಕ್ಕೆ ಬರುತ್ತಾಳೆ, ಟ್ಯಾಪ್ ಆದಾಗಲೆಲ್ಲ, ಅಂದರೆ ಬಳಸಿದ ಗುರುತಿಗೆ ಕಾರ್ಡನ್ನು ಅಡ್ಡ ತಿರುಗಿಸಿದಾಗಲೆಲ್ಲ, ಒಬ್ಬ ಸೈನಿಕನ ಟೋಕನ್ (ಡೆಕ್‌ನ ಕಾರ್ಡಲ್ಲದ, ಆಟದಲ್ಲೇ ಬರುವ ಜೀವಿ) ಹುಟ್ಟುತ್ತದೆ. ಎರಡನೇ ಸುತ್ತಿನಿಂದಲೇ ಮಾಡಲು ಏನೋ ಇರುತ್ತದೆ, ಅದು ದೊಡ್ಡ ಗುಣ. ಆಟ ಬೆಳೆದಂತೆ ಲೆಕ್ಕವೂ ಬೆಳೆಯುತ್ತದೆ. ಹನ್ನೆರಡು ಟೋಕನ್, ಪ್ರತಿಯೊಂದಕ್ಕೂ ಒಂದು ಹೆಚ್ಚು, ಅದರಲ್ಲಿ ಟ್ಯಾಪ್ ಆದವು ಎಷ್ಟು ಅಂತೆಲ್ಲ. ಲೆಕ್ಕ ಇಷ್ಟಪಡುವವರಿಗೆ ಸರಿ.

ಫಸ್ಟ್ ಫ್ಲೈಟ್ ಬಿಳಿ ನೀಲಿ. ಹಾರುವ ಜೀವಿಗಳ ಡೆಕ್. ನೆಲದ ಮೇಲಿನವು ಹಾರುವುದನ್ನು ತಡೆಯಲಾರವು ಎಂಬ ನಿಯಮ ಒಂದು ಗೊತ್ತಾದರೆ ಅರ್ಧ ಕಲಿತಂತೆ. ಕಮಾಂಡರ್ ಇಸ್ಪೀರಿಯಾ, ತನ್ನೊಡೆಯನ ಮೇಲೆ ಯಾರು ದಾಳಿ ಮಾಡಿದರೂ ಕಾರ್ಡು ಎಳೆದುಕೊಡುತ್ತದೆ. ಹಾಗಾಗಿ ಯಾರೂ ಆ ಕಡೆ ಹೋಗುವುದಿಲ್ಲ. ಆಡುವವರಿಗೆ ನೆಮ್ಮದಿ, ಆಟ ಮಾತ್ರ ಎಳೆಯುತ್ತದೆ.

ಗ್ರೇವ್ ಡೇಂಜರ್ ನೀಲಿ ಕಪ್ಪು, ಝಾಂಬಿಗಳದ್ದು. ಗೀಸಾ ಮತ್ತು ಗೆರಾಲ್ಫ್ ಬಂದಾಗ ಡೆಕ್‌ನ ಮೇಲಿನ ನಾಲ್ಕು ಕಾರ್ಡು ಗ್ರೇವ್‌ಯಾರ್ಡ್‌ಗೆ, ಅಂದರೆ ಮುಗಿದ ಕಾರ್ಡುಗಳ ರಾಶಿಗೆ, ಹೋಗುತ್ತವೆ. ನಿಮ್ಮ ಪ್ರತಿ ಸರದಿಯಲ್ಲೂ ಅಲ್ಲಿಂದ ಒಂದು ಝಾಂಬಿಯನ್ನು ಆಡಬಹುದು. "ನನ್ನ ಕಾರ್ಡೆಲ್ಲ ಹೋಯ್ತಲ್ಲ!" ಎಂದು ಹೊಸಬರು ಗಾಬರಿಯಾಗುತ್ತಾರೆ, ಹೋದದ್ದೂ ಕೈಯಲ್ಲಿರುವಂತೆಯೇ ಎಂದು ಅರ್ಥವಾಗಲು ಒಂದು ಆಟ ಬೇಕು. ಬೇರೆ ಬೋರ್ಡ್ ಗೇಮ್ ಆಡಿ ಅನುಭವ ಇರುವವರಿಗೆ ಇದನ್ನು ಇಡಿ.

ಇನ್ನುಳಿದದ್ದು ಕೇಯಾಸ್ ಇನ್‌ಕಾರ್ನೇಟ್, ಕಪ್ಪು ಕೆಂಪು. ಇದನ್ನು ಕಲಿಸುವವರು, ಅಂದರೆ ನೀವು, ಇಟ್ಟುಕೊಳ್ಳಿ. ಕಾರಣ ಇದೆ. ಹೊಸಬರು ದಾಳಿ ಮಾಡಲು ಹಿಂಜರಿಯುತ್ತಾರೆ. ಎಲ್ಲರೂ ಸೈನ್ಯ ಕಟ್ಟಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರೆ ಮೂರು ಗಂಟೆಯಾದರೂ ಆಟ ಮುಗಿಯುವುದಿಲ್ಲ. ಈ ಡೆಕ್‌ನ ಕಮಾಂಡರ್ ಕಾರ್ಡುರ್ ಬಂದಾಗ, ನಿಮ್ಮ ಮುಂದಿನ ಸರದಿಯವರೆಗೆ ಎದುರಾಳಿಗಳ ಜೀವಿಗಳೆಲ್ಲ ದಾಳಿ ಮಾಡಲೇಬೇಕು, ಅದೂ ಸಾಧ್ಯವಾದಷ್ಟೂ ನಿಮ್ಮನ್ನು ಬಿಟ್ಟು ಬೇರೆಯವರ ಮೇಲೆ. ದಾಳಿಗೆ ಹೋದ ಜೀವಿ ಸತ್ತರೆ ಎದುರಾಳಿಗಳೆಲ್ಲರಿಗೂ ಒಂದೊಂದು ಲೈಫ್ ಕಡಿಮೆ, ನಿಮಗೆ ಒಂದು ಜಾಸ್ತಿ. ಕಲಿಸುವವನೇ ಹೊಡೆದು ಗೆದ್ದ ಅನ್ನಿಸದೆ ಆಟ ತಾನಾಗಿ ಮುಂದೆ ಸಾಗುತ್ತದೆ. ಮೇಜಿನಲ್ಲಿ ಗಲಾಟೆಯೂ ಚೆನ್ನಾಗಿರುತ್ತದೆ.

ಕೊರತೆಗಳೂ ಇವೆ. ಲ್ಯಾಂಡ್‌ಗಳಲ್ಲಿ ಬಹಳಷ್ಟು ಟ್ಯಾಪ್ ಆಗಿಯೇ ಬರುತ್ತವೆ, ಆಟ ನಿಧಾನ. ಈಚಿನ ಪ್ರಿಕಾನ್‌ಗಳ ಎದುರು ಕೂರಿಸಿದರೆ ಇವು ಒಂದು ಹೆಜ್ಜೆ ಹಿಂದೆ. ಗೆಳೆಯರು ನಾಳೆ ಬೇರೆ ಗುಂಪಿಗೆ ಹೋಗಿ ಆಡುವವರಾದರೆ ಹತ್ತು ಹದಿನೈದು ಕಾರ್ಡು ಬದಲಿಸಬೇಕಾಗುತ್ತದೆ. ಹಳೆಯ ಉತ್ಪನ್ನ ಆದ್ದರಿಂದ ಐದೂ ಒಂದೇ ಕಡೆ ಸಿಗದಿರಬಹುದು. ಎರಡೇ ಸಿಕ್ಕರೆ ಡ್ರ್ಯಾಗನ್ ಮತ್ತು ಟೋಕನ್ ಡೆಕ್ ಆರಿಸಿ.

ಹೊಸ ಸೆಟ್‌ನ ಜೊತೆ ಬರುವ ಪ್ರಿಕಾನ್‌ಗಳು

ಈಗ ಹೆಚ್ಚುಕಡಿಮೆ ಪ್ರತಿ ದೊಡ್ಡ ಸೆಟ್‌ನ (ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪಿನ) ಜೊತೆಗೂ ಕಮಾಂಡರ್ ಡೆಕ್‌ಗಳು ಬರುತ್ತವೆ. ಬಲದಲ್ಲಿ ಸ್ಟಾರ್ಟರ್‌ಗಳಿಗಿಂತ ಮೇಲು, ಚಿತ್ರಗಳೂ ಹೊಸವು, ಸುಲಭವಾಗಿ ಸಿಗುತ್ತವೆ. ತೊಂದರೆ ಓದಿನದ್ದು. ಇವುಗಳನ್ನು ಮಾಡುವುದೇ ಆಡಿ ಪಳಗಿದವರಿಗೂ ಹೊಸದೆನಿಸಬೇಕು ಎಂದು.

2024ರ ಬ್ಲೂಮ್‌ಬರೋ ಸೆಟ್‌ನ ನಾಲ್ಕು ಡೆಕ್‌ಗಳನ್ನೇ ನೋಡಿ. ಮೊಲ, ಅಳಿಲು, ಇಲಿಗಳ ಲೋಕ, ಡಬ್ಬಿ ನೋಡಿದರೆ ಮಕ್ಕಳ ಆಟದಂತೆ ಕಾಣುತ್ತದೆ. ಒಳಗೆ ಹಾಗಿಲ್ಲ. ಅನಿಮೇಟೆಡ್ ಆರ್ಮಿಯ ಕಮಾಂಡರ್ ಬೆಲ್ಲೋ ಇದ್ದರೆ ನಾಲ್ಕು ಅಥವಾ ಹೆಚ್ಚು ಮನಾದ ಆರ್ಟಿಫ್ಯಾಕ್ಟ್, ಎನ್‌ಚಾಂಟ್‌ಮೆಂಟ್‌ಗಳು ನಿಮ್ಮ ಸರದಿಯಲ್ಲಿ ಮಾತ್ರ 4/4 (ಹೊಡೆತ ನಾಲ್ಕು, ತಾಳಿಕೆ ನಾಲ್ಕು) ಜೀವಿಗಳು, ಬೇರೆಯವರ ಸರದಿಯಲ್ಲಿ ಅಲ್ಲ. ಅದರಲ್ಲೂ ಔರಾ, ಇಕ್ವಿಪ್‌ಮೆಂಟ್‌ಗೆ ವಿನಾಯಿತಿ. ಆಡಿ ಗೊತ್ತಿರುವವರಿಗೆ ಮಜಾ, ಎನ್‌ಚಾಂಟ್‌ಮೆಂಟ್ ಅಂದರೆ ಏನು ಎಂದು ಈಗಷ್ಟೇ ಕೇಳಿದವರಿಗೆ ಹಿಂಸೆ. ಪೀಸ್ ಆಫರಿಂಗ್ ಎಲ್ಲರಿಗೂ ಕಾರ್ಡು ಹಂಚುವ ಡೆಕ್. ಸ್ನೇಹದ್ದು ಅನ್ನಿಸಿದರೂ ಹೊಸಬರ ಕೈ ತುಂಬಿ ಹೋಗುತ್ತದೆ, ಹತ್ತು ಕಾರ್ಡು ಹಿಡಿದು ಯಾವುದು ಆಡಲಿ ಎಂದು ಯೋಚಿಸುತ್ತಾ ಸರದಿ ಎಳೆಯುತ್ತಾರೆ. ಈ ನಾಲ್ಕರಲ್ಲಿ ಹೊಸಬರಿಗೆ ಕೊಡಬಹುದಾದದ್ದು ಸ್ಕ್ವಿರಲ್ಡ್ ಅವೇ, ಕಪ್ಪು ಹಸಿರಿನ ಅಳಿಲು ಡೆಕ್. ಎರಡೇ ಬಣ್ಣ, ಅಳಿಲುಗಳ ಹಿಂಡು ಕಟ್ಟುವುದು ಕಣ್ಣಿಗೆ ಕಾಣುವ ಕೆಲಸ.

ಬೇರೆ ಸೆಟ್‌ಗಳಿಗೂ ಇದೇ ಜರಡಿ ಹಿಡಿಯಿರಿ. ಎರಡು ಬಣ್ಣ ಇದೆಯೇ? ಡೆಕ್ ಒಂದೇ ಬಗೆಯ ಜೀವಿಗಳ ಸುತ್ತ ಇದೆಯೇ? ಎರಡಕ್ಕೂ ಹೌದು ಅಂದರೆ ಹೆಚ್ಚಿನ ಸಲ ಕೆಲಸ ಆಗುತ್ತದೆ.

2025ರ ಹೊತ್ತಿಗೆ ಅಮೆರಿಕದಲ್ಲಿ ಸಾಮಾನ್ಯ ಪ್ರಿಕಾನ್‌ನ ಸೂಚಿತ ಬೆಲೆ 44.99 ಡಾಲರ್. ನಾಲ್ಕು ತಗೊಂಡರೆ ಹತ್ತಿರ ಹತ್ತಿರ 180 ಡಾಲರ್. ಭಾರತಕ್ಕೆ ಬರುವಾಗ ಸಾಗಣೆ, ಸುಂಕ, ಅಂಗಡಿಯವರ ಲಾಭ ಸೇರುತ್ತದೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರು ಹತ್ತಿರದ ಗೇಮ್ ಅಂಗಡಿಯಲ್ಲೇ ತಗೊಳ್ಳಬಹುದು. ಇಲ್ಲಿರುವವರಿಗೆ ಅಲ್ಲಿಂದ ರಜೆಗೆ ಬರುವ ನೆಂಟರ ಸೂಟ್‌ಕೇಸು ಇದ್ದೇ ಇದೆಯಲ್ಲ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸೀಲ್ ಆದ ಡೆಕ್ ಕಂಡರೆ ಹಿಗ್ಗಬೇಡಿ, ನಕಲಿ ಕಾರ್ಡುಗಳ ವ್ಯಾಪಾರ ಚೆನ್ನಾಗಿಯೇ ನಡೆಯುತ್ತದೆ.

ಗೊತ್ತಿರುವ ಕಥೆಯ ಡೆಕ್‌ಗಳು

ಲಾರ್ಡ್ ಆಫ್ ದಿ ರಿಂಗ್ಸ್, ವಾರ್‌ಹ್ಯಾಮರ್, ಫೈನಲ್ ಫ್ಯಾಂಟಸಿ ಹೀಗೆ ಬೇರೆ ಲೋಕಗಳ ಡೆಕ್‌ಗಳೂ ಬಂದಿವೆ. ಇಲ್ಲಿ ನನ್ನ ಮೊದಲ ಅಳತೆಗೋಲೇ ಸ್ವಲ್ಪ ಸಡಿಲವಾಗುತ್ತದೆ. ಫ್ರೋಡೊ ಯಾರು, ಸೌರಾನ್ ಯಾರು ಎಂದು ಗೊತ್ತಿದ್ದವರು ಉದ್ದದ ಕಾರ್ಡನ್ನೂ ಆಸೆಯಿಂದ ಓದುತ್ತಾರೆ. ಹೆಸರಿನಿಂದಲೇ ಕಾರ್ಡು ನೆನಪಿರುತ್ತದೆ.

2023ರ ಲಾರ್ಡ್ ಆಫ್ ದಿ ರಿಂಗ್ಸ್ ಡೆಕ್‌ಗಳು ನಾಲ್ಕು. ಫುಡ್ ಅಂಡ್ ಫೆಲೋಶಿಪ್‌ನಲ್ಲಿ ಫ್ರೋಡೊ, ಸ್ಯಾಮ್ ಇಬ್ಬರೂ ಕಮಾಂಡರ್‌ಗಳು, ಮೂರು ಬಣ್ಣ, ಮೇಲಿಂದ ಉಂಗುರದ ಪ್ರಲೋಭನೆ ಎಂಬ ನಾಲ್ಕು ಹಂತದ ನಿಯಮ ಬೇರೆ. ಹೊಸಬರಿಗೆ ಭಾರ. ಎಲ್ವೆನ್ ಕೌನ್ಸಿಲ್ ನನಗೆ ಇಷ್ಟ. ಗಲಾಡ್ರಿಯೆಲ್ ಕಮಾಂಡರ್, ನೀಲಿ ಹಸಿರು ಎರಡೇ ಬಣ್ಣ. ಮೇಜಿನಲ್ಲಿರುವ ಎಲ್ಲರೂ ಮತ ಹಾಕುವ ಕಾರ್ಡುಗಳು ಇದರಲ್ಲಿವೆ, ಹಾಗಾಗಿ ತಮ್ಮ ಸರದಿ ಅಲ್ಲದಾಗಲೂ ಯಾರೂ ಫೋನ್ ನೋಡುತ್ತಾ ಕೂರುವುದಿಲ್ಲ.

2022ರ ವಾರ್‌ಹ್ಯಾಮರ್ ಡೆಕ್‌ಗಳಲ್ಲಿ ನೆಕ್ರಾನ್ ಡೈನಾಸ್ಟೀಸ್ ಕಪ್ಪು ಒಂದೇ ಬಣ್ಣದ್ದು. ಮನಾದ ಚಿಂತೆಯೇ ಇಲ್ಲ. ಆದರೆ ಗ್ರೇವ್‌ಯಾರ್ಡ್‌ನಲ್ಲಿ ಬಿದ್ದದ್ದನ್ನೂ ಗಮನಿಸುತ್ತಿರಬೇಕು, ಬಲವೂ ಸ್ಟಾರ್ಟರ್‌ಗಳಿಗಿಂತ ಜಾಸ್ತಿ. ಒಂದೇ ಮೇಜಿನಲ್ಲಿ ಬೆರೆಸಬೇಡಿ. 2025ರ ಫೈನಲ್ ಫ್ಯಾಂಟಸಿ ಡೆಕ್‌ಗಳ ಸೂಚಿತ ಬೆಲೆಯೇ 69.99 ಡಾಲರ್, ನಾಲ್ಕೂ ಮೂರು ಬಣ್ಣದವು. ಗೆಳೆಯ ಏಳನೇ ಫೈನಲ್ ಫ್ಯಾಂಟಸಿ ವಿಡಿಯೋ ಗೇಮ್ ಆಡಿ ಅದರ ನಾಯಕ ಕ್ಲೌಡ್‌ನ ಅಭಿಮಾನಿ ಆಗಿದ್ದರೆ ಉಡುಗೊರೆಗೆ ಸರಿ. ಇಲ್ಲವಾದರೆ ಆ ಹಣಕ್ಕೆ ಇಲ್ಲಿ ಕಲಿಕೆಯ ದೃಷ್ಟಿಯಿಂದ ಏನೂ ಹೆಚ್ಚಿಗೆ ಸಿಗುವುದಿಲ್ಲ.

ಮ್ಯಾಜಿಕ್ಕೇ ಗೊತ್ತಿಲ್ಲ ಅಂದರೆ

ಗೆಳೆಯರು ಟ್ಯಾಪ್, ಬ್ಲಾಕ್, ಮನಾ ಯಾವುದನ್ನೂ ಕೇಳಿಲ್ಲದಿದ್ದರೆ, 100 ಕಾರ್ಡಿನ ಡೆಕ್ ಕೈಗೆ ಕೊಡುವ ಮೊದಲು ಫೌಂಡೇಶನ್ಸ್ ಬಿಗಿನರ್ ಬಾಕ್ಸ್ ನೋಡಿ. 2024ರ ನವೆಂಬರ್‌ನಲ್ಲಿ ಬಂದದ್ದು. ಒಳಗೆ 20 ಕಾರ್ಡಿನ ಹತ್ತು ಕಟ್ಟು. ಬೆಕ್ಕು ಮತ್ತು ವ್ಯಾಂಪೈರ್ ಎಂಬ ಎರಡು ಕಟ್ಟುಗಳನ್ನು ಕಲಿಕೆಗೆಂದೇ ಜೋಡಿಸಿಟ್ಟಿದ್ದಾರೆ. ಕಲೆಸದೆ, ಪುಸ್ತಿಕೆ ಹೇಳಿದಂತೆ ಒಂದೊಂದೇ ಸರದಿ ಆಡುತ್ತಾ ಹೋದರೆ ನಿಯಮ ತಾನಾಗಿ ತಲೆಗೆ ಹತ್ತುತ್ತದೆ. ಆಮೇಲೆ ಬೇಕಾದ ಎರಡು ಕಟ್ಟು ಸೇರಿಸಿ ಕಲೆಸಿದರೆ 40 ಕಾರ್ಡಿನ ಡೆಕ್ ಸಿದ್ಧ.

ಇದು ಕಮಾಂಡರ್ ಅಲ್ಲ. 20 ಲೈಫ್, ಇಬ್ಬರ ಆಟ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೂ ಒಂದೇ ಡಬ್ಬಿಯಲ್ಲಿ ನಾಲ್ಕು ಜನರಿಗೆ ಸಾಕಾಗುತ್ತದೆ, ಹತ್ತು ಕಟ್ಟು ಅಂದರೆ ಐದು ಡೆಕ್. ಟು ಹೆಡೆಡ್ ಜೈಂಟ್ ಎಂಬ ಇಬ್ಬರಿಗಿಬ್ಬರ ಆಟ ಆಡಿ: ಜೊತೆಗಾರರಿಬ್ಬರಿಗೂ ಸೇರಿ 30 ಲೈಫ್, ಸರದಿಯೂ ಒಟ್ಟಿಗೆ. ಗೊತ್ತಿರುವವರ ಪಕ್ಕ ಗೊತ್ತಿಲ್ಲದವರು ಕೂತು ಕಲಿಯಬಹುದು. ನೀವು ಇಬ್ಬರೇ ಇದ್ದರಂತೂ ಕಮಾಂಡರ್ ಪ್ರಿಕಾನ್‌ಗಿಂತ ಇದೇ ಮೇಲು. 40 ಲೈಫ್ ಇಟ್ಟುಕೊಂಡು ಇಬ್ಬರೇ ನಿಧಾನದ ಡೆಕ್ ಆಡುವುದು ಬೋರು.

ಖರ್ಚೇ ಬೇಡ ಅನ್ನುವವರಿಗೆ ಮ್ಯಾಜಿಕ್ ಅರೀನಾ ಆ್ಯಪ್ ಉಚಿತ. ನಿಯಮ ಕಲಿಯಲು ಸಾಕು. ನಾಲ್ವರ ಕಮಾಂಡರ್ ಅದರಲ್ಲಿಲ್ಲ, ಅದರ ಹತ್ತಿರದ ಬ್ರಾಲ್ ಎಂಬ ಇಬ್ಬರ ಆಟ ಇದೆ. ಮೇಜಿನ ಸುತ್ತ ಕೂತು ಹರಟೆ ಹೊಡೆಯುವುದೇ ಕಮಾಂಡರ್‌ನ ರುಚಿ ಆದ್ದರಿಂದ, ಆ್ಯಪ್ ನೋಡಿ "ಇಷ್ಟೇನಾ" ಅಂದುಕೊಂಡವರೂ ಇದ್ದಾರೆ.

ಮನೆಯಲ್ಲೇ ಕಟ್ಟುವುದು

ನಿಮ್ಮ ಹತ್ತಿರ ಹಳೆಯ ಕಾಮನ್ (ಎಲ್ಲಕ್ಕಿಂತ ಸುಲಭವಾಗಿ ಸಿಗುವ ದರ್ಜೆಯ) ಕಾರ್ಡುಗಳ ರಾಶಿ ಇದ್ದರೆ ಎಲ್ಲಕ್ಕಿಂತ ಅಗ್ಗದ ದಾರಿ ಪಾಪರ್ ಕಮಾಂಡರ್. ಆಡುವವರೇ ಬೆಳೆಸಿದ ಬಗೆ ಇದು. ಕಮಾಂಡರ್ ಅನ್‌ಕಾಮನ್, ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಅಪರೂಪದ ಜೀವಿ, ಉಳಿದ 99 ಕಾಮನ್. ಲೈಫ್ 30, ಕಮಾಂಡರ್ ಡ್ಯಾಮೇಜ್ ಮಿತಿ 16. ಕಾಮನ್ ಕಾರ್ಡುಗಳ ಬರಹ ಸಾಮಾನ್ಯವಾಗಿ ಚಿಕ್ಕದು, ಓದುವ ಹೊರೆ ತಾನಾಗಿ ಇಳಿಯುತ್ತದೆ.

ಒಂದು ಉಪಾಯ: ಕಮಾಂಡರ್ ಆರಿಸುವಾಗ ಕಾರ್ಡಿನ ಮೇಲೆ ಲೆಜೆಂಡರಿ ಎಂದು ಬರೆದಿರುವ ಜೀವಿಯನ್ನೇ ಆರಿಸಿ. ಆಗ ಅದೇ ಡೆಕ್ ಸಾಮಾನ್ಯ ಕಮಾಂಡರ್ ಮೇಜಿಗೂ ಒಪ್ಪುತ್ತದೆ, ಮುಂದೆ ಒಂದೊಂದೇ ಒಳ್ಳೆಯ ಕಾರ್ಡು ಸೇರಿಸುತ್ತಾ ಹೋಗಬಹುದು. 2018ರ ಡಾಮಿನೇರಿಯಾ ಸೆಟ್‌ನಲ್ಲೇ ಅನ್‌ಕಾಮನ್ ಲೆಜೆಂಡ್‌ಗಳು ಧಾರಾಳ. ಟಾಟ್ಯೋವಾ ಇದ್ದರೆ ಲ್ಯಾಂಡ್ ಇಳಿಸಿದಾಗಲೆಲ್ಲ ಒಂದು ಲೈಫ್, ಒಂದು ಕಾರ್ಡು. ಸ್ಲೈಮ್‌ಫುಟ್ ಅಣಬೆಯ ಮರಿಗಳನ್ನು ಹುಟ್ಟಿಸಿ, ಅವು ಸತ್ತಾಗ ಎಲ್ಲ ಎದುರಾಳಿಗಳಿಗೂ ಪೆಟ್ಟು ಕೊಡುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ವಿವರಿಸಬಹುದು ನೋಡಿ.

ದುಬಾರಿಯಾಗುವುದು ಸಮಯ. ನಾಲ್ಕು ಡೆಕ್ ಅಂದರೆ 400 ಕಾರ್ಡು ಹೆಕ್ಕಬೇಕು. ನಾಲ್ಕೂ ಸರಿಸಮ ಇರುವಂತೆ ನೋಡಿಕೊಳ್ಳಬೇಕು. ಆ ಕೆಲಸವೇ ಖುಷಿ ಅನ್ನುವವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಇನ್ನು ಕೆಲವರು ತಮ್ಮ ಹಳೆಯ, ತಿದ್ದಿ ತೀಡಿದ ಡೆಕ್‌ಗಳನ್ನೇ ಗೆಳೆಯರಿಗೆ ಕೊಟ್ಟು ಕೂರಿಸುತ್ತಾರೆ. ಅವುಗಳ ಜಾಣತನವೆಲ್ಲ ಕಟ್ಟಿದವರ ತಲೆಯಲ್ಲಿರುತ್ತದೆ, ಕಾರ್ಡಿನ ಮೇಲೆ ಬರೆದಿರುವುದಿಲ್ಲ. ಬೇಡ.

ಯಾರಿಗೆ ಯಾವುದು

ನಾಲ್ಕು ಜನ, ತಿಂಗಳಿಗೊಮ್ಮೆಯಾದರೂ ಸೇರುವುದು ಖಚಿತ ಅಂದರೆ ನಾಲ್ಕು ಸ್ಟಾರ್ಟರ್ ಡೆಕ್. ಒಬ್ಬೊಬ್ಬರು ಒಂದೊಂದರ ಹಣ ಹಾಕಲಿ, ತಮ್ಮದು ಅನ್ನಿಸಿದರೆ ಮತ್ತೆ ಬರುತ್ತಾರೆ. ಗೆಳೆಯರಿಗೆ ಇದು ಹಿಡಿಸುತ್ತದೋ ಇಲ್ಲವೋ ಅನುಮಾನ ಇದ್ದರೆ ಒಂದು ಬಿಗಿನರ್ ಬಾಕ್ಸ್, ಹಿಡಿಸದಿದ್ದರೂ ನಷ್ಟ ಕಡಿಮೆ. ಆಗಲೇ ಪ್ರಿಕಾನ್ ಆಡುವ ಗುಂಪೊಂದು ಇದ್ದು, ಅಲ್ಲಿಗೆ ಒಬ್ಬರನ್ನೇ ಹೊಸದಾಗಿ ಸೇರಿಸುವುದಾದರೆ ಸ್ಟಾರ್ಟರ್ ಸಾಲದು. ಎರಡು ಬಣ್ಣದ ಹೊಸ ಪ್ರಿಕಾನ್ ಕೊಡಿ, ಅಳಿಲು ಡೆಕ್ ಅಥವಾ ಎಲ್ವೆನ್ ಕೌನ್ಸಿಲ್ ಥರದ್ದು.

ಯಾವುದನ್ನು ಕೊಂಡರೂ ಮೊದಲ ರಾತ್ರಿ ಸೋಲ್ ರಿಂಗ್ ತೆಗೆದಿಡಿ. ಪ್ರಿಕಾನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುವ ಕಾರ್ಡು. ಒಂದು ಮನಾ ಕೊಟ್ಟು ಇಳಿಸಿದರೆ ಪ್ರತಿ ಸರದಿಗೂ ಎರಡು ಮನಾ ಕೊಡುತ್ತದೆ. ಮೊದಲ ಸುತ್ತಿನಲ್ಲೇ ಒಬ್ಬರಿಗೆ ಅದು ಬಂದುಬಿಟ್ಟರೆ ಉಳಿದವರು ನೋಡುತ್ತಾ ಕೂರಬೇಕು. ಅದರ ಜಾಗಕ್ಕೆ ಆಯಾ ಬಣ್ಣದ ಒಂದು ಬೇಸಿಕ್ ಲ್ಯಾಂಡ್ ಹಾಕಿ. ಎಲ್ಲರಿಗೂ ಆಟ ಕೈಹಿಡಿದ ಮೇಲೆ ವಾಪಸ್ ಸೇರಿಸಿದರಾಯ್ತು.

ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಸ್ಲೀವ್‌ಗೆ ಈಗಲೇ ಹಣ ಸುರಿಯಬೇಡಿ. ಡೆಕ್‌ಗೆ ನೂರರಂತೆ ನಾಲ್ಕಕ್ಕೆ ನಾನೂರು ಸ್ಲೀವ್, ಒಳ್ಳೆಯವು ಅಗ್ಗವಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಬೇಗ ಬೇಕಾಗುತ್ತವೆ. ತೇವಕ್ಕೆ ಹೊಳೆಯುವ ಫಾಯಿಲ್ ಕಾರ್ಡುಗಳು ಬಾಗುತ್ತವೆ. ಪ್ರಿಕಾನ್‌ನಲ್ಲಿ ಸಾಮಾನ್ಯವಾಗಿ ಫಾಯಿಲ್ ಆಗಿರುವುದು ಕಮಾಂಡರ್ ಕಾರ್ಡು. ಅದು ಡೆಕ್‌ನೊಳಗೆ ಕಲೆಯದೆ ಹೊರಗೇ ಇರುವುದರಿಂದ, ಸ್ವಲ್ಪ ಬಾಗಿದರೂ ಆಟಕ್ಕೆ ಅಡ್ಡಿಯಿಲ್ಲ.